ಆರು ದೆವ್ವ, ಒಂದು ಟಿಕೆಟ್ಟು

ನಾನು ಲಿಫ್ಟಿನಲ್ಲಿ ಒಬ್ಬನೇ ಹೋಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತೆಲ್ಲ ಸುಲಭ. ಮಹದೇವಪುರದ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮನೆಗೆ ಹೋದಾಗಲೆಲ್ಲ ನಾನು ಕೆಳಗೆ ನಿಂತು ನೋಟಿಸ್ ಬೋರ್ಡು ಓದುತ್ತೇನೆ. ಟ್ಯಾಂಕು ತೊಳೆಯುವ ದಿನ ಯಾವುದು, ನಾಯಿ ಸಾಕಿದವರು ಏನು ಮಾಡಬಾರದು ಎಂಬುದೆಲ್ಲ ನನಗೆ ಅಲ್ಲಿನ ಕಾರ್ಯದರ್ಶಿಗಿಂತ ಚೆನ್ನಾಗಿ ಗೊತ್ತು. ಯಾರಾದರೂ ತರಕಾರಿ ಚೀಲ ಹಿಡಿದು ಬಂದರೆ ಸಾಕು, ಅವರ ಬೆನ್ನಿಗೇ ಲಿಫ್ಟಿನೊಳಗೆ ನುಗ್ಗುತ್ತೇನೆ. ಮೊನ್ನೆ ಅಲ್ಲಿನ ವಾಚ್‌ಮನ್, ಕಲಬುರಗಿ ಕಡೆಯವನು, ನಾನು ಕಾಲು ಗಂಟೆಯಿಂದ ಬೋರ್ಡು ಓದುವುದನ್ನು ನೋಡಿ ನೋಡಿ ಬೇಸತ್ತು, “ಸರ, ಲಿಫ್ಟ್ ಖಾಲಿ ಅದ, ಹೋಗ್ರಿ” ಎಂದ. ಖಾಲಿ ಇರುವುದೇ ನನ್ನ ತಕರಾರು ಎಂದು ಅವನಿಗೆ ಹೇಗೆ ಹೇಳಲಿ?

ಇದಕ್ಕೆಲ್ಲ ಒಂದು ಹಿಂದಿ ಸಿನಿಮಾ ಕಾರಣ. ಅದರ ಹೆಸರು ಬೇಡ ಬಿಡಿ, ಹೇಳಿದರೆ ಇವತ್ತಿನ ನಿದ್ದೆ ಹಾಳು. ಆದರೆ ಎಲ್ಲ ತಪ್ಪನ್ನೂ ಆ ಸಿನಿಮಾದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹೆದರುವ ವಿದ್ಯೆಯಲ್ಲಿ ನಾನು ಅಷ್ಟು ಹೊತ್ತಿಗೆ ಸಾಕಷ್ಟು ಪಳಗಿದ್ದವನು.

ನಮ್ಮದು ಕೃಷ್ಣರಾಜಪುರ. ಅಂದರೆ ಕೆ.ಆರ್. ಪುರ. ನಮ್ಮ ತಾತನ ಕಾಲಕ್ಕೆ ರಾಗಿ ಹೊಲ, ದ್ರಾಕ್ಷಿ ತೋಟ. ನಮ್ಮಪ್ಪನ ಕಾಲಕ್ಕೆ ಹೊಲವಿದ್ದ ಕಡೆ ಸಾಲಾಗಿ ಎಂಟು ಬಾಡಿಗೆ ರೂಮು. ತೊಂಬತ್ತರ ದಶಕದಲ್ಲಿ ಒಮ್ಮೆ ಈ ಕಡೆಯೆಲ್ಲ ಒಂದು ಸುದ್ದಿ ಹಬ್ಬಿತ್ತು, ನಿಮಗೂ ನೆನಪಿರಬಹುದು. ಒಂದು ಹೆಣ್ಣುದೆವ್ವ ಮನೆಮನೆಯ ಬಾಗಿಲಿಗೆ ಬಂದು, ನಮಗೆ ಬೇಕಾದವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ. ಬಾಗಿಲು ತೆರೆದರೆ ಕಥೆ ಮುಗಿಯಿತು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಮಾತ್ರ ಅದು ಓದಿಕೊಂಡು ಮರ್ಯಾದೆಯಿಂದ ವಾಪಸ್ಸು ಹೋಗುತ್ತದೆ. ಆಗ ನಾನು ಎಸ್ಸೆಸ್ಸೆಲ್ಸಿ. ಮೀಸೆ ಚಿಗುರುತ್ತಿತ್ತು, ಧೈರ್ಯ ಚಿಗುರಿರಲಿಲ್ಲ. ಅಕ್ಷರ ದುಂಡಗಿತ್ತೆಂದು ಇಡೀ ಬೀದಿಯ ಬಾಗಿಲುಗಳಿಗೆ ಸೀಮೆಸುಣ್ಣದಲ್ಲಿ ಬರೆಯುವ ಕೆಲಸ ನನಗೇ ಬಂತು. ಬಾಡಿಗೆ ರೂಮಿನಲ್ಲಿದ್ದ ರಾಯಚೂರಿನ ಹೆಂಗಸೊಬ್ಬರು, “ನಮ್ ಬಾಗ್ಲಿಗೂ ಒಂದ್ ಬರೀಪ್ಪಾ, ನಾವೇನ್ ಪಾಪ ಮಾಡೀವಿ?” ಎಂದು ಕರೆದು ಬರೆಸಿಕೊಂಡರು.

ಎಲ್ಲ ಮುಗಿಸಿ ಮನೆಗೆ ಬಂದು ಕೂತ ಮೇಲೆ ನನ್ನ ತಲೆಗೆ ಒಂದು ಲೆಕ್ಕ ಹೊಳೆಯಿತು. ಬೀದಿಯವರೆಲ್ಲ ನಾಳೆ ಬಾ ಎಂದುಬಿಟ್ಟರೆ, ನಾಳೆಯವರೆಗೆ ಅದು ಎಲ್ಲಿ ಕೂತಿರುತ್ತದೆ? ಜಗುಲಿ ಇದ್ದದ್ದು ನಮ್ಮ ಮನೆಗೆ ಮಾತ್ರ. ಅದೂ ಅಲ್ಲದೆ ಅದು ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ದೆವ್ವವಾಗಿದ್ದು ಕನ್ನಡ ಓದಲು ಬಾರದಿದ್ದರೆ? ಎದ್ದು ಹೋಗಿ ಕೆಳಗೆ ಇಂಗ್ಲಿಷಿನಲ್ಲೂ ಬರೆದೆ. ಮಾರನೆಯ ದಿನ ಗ್ಯಾಸ್ ಸಿಲಿಂಡರಿನವನು ಬಂದವನು ಎರಡು ಭಾಷೆಯಲ್ಲೂ ಓದಿಕೊಂಡು, ಮನೆಯವರು ಊರಲ್ಲಿಲ್ಲವೆಂದು ತಿಳಿದು ಹೊರಟುಹೋದ. ಅವನು ಮತ್ತೆ ಬರುವ ತನಕ ಸೀಮೆಎಣ್ಣೆ ಸ್ಟೌವಿನ ಮುಂದೆ ಕೆಮ್ಮುತ್ತ ಅಡುಗೆ ಮಾಡಿದ ನಮ್ಮಮ್ಮ, “ದೆವ್ವ ಬಂದಿದ್ರೂ ಪರವಾಗಿರ್ಲಿಲ್ಲ ಕಣೋ, ಸಿಲಿಂಡರ್ ಬರ್ಬೇಕಿತ್ತು” ಎಂದು ಬೈದರು.

ಇಂಥ ನಾನು ಬೆಳೆದು ಹೈಸ್ಕೂಲಿನ ಗಣಿತದ ಮೇಷ್ಟ್ರಾದೆ. ಇಪ್ಪತ್ತಾರು ವರ್ಷಕ್ಕೆ ಮನೆಯಲ್ಲಿ ಹೆಣ್ಣು ಹುಡುಕಲು ಶುರು ಮಾಡಿದರು. ಹೂಡಿಯಲ್ಲಿದ್ದ ನಮ್ಮ ಸೋದರಮಾವ ಹಲಸೂರಿನ ಒಂದು ಸಂಬಂಧ ತಂದರು. ಹುಡುಗಿಯ ಹೆಸರು ಹೇಮಾ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯ ಮ್ಯಾಚಿಂಗ್ ಸೆಂಟರ್ ಒಂದರಲ್ಲಿ ಕೆಲಸ. ಯಾವ ಸೀರೆ ತಂದರೂ ಕಣ್ಣಳತೆಯಲ್ಲೇ ಅದರ ಬಣ್ಣಕ್ಕೆ ಒಪ್ಪುವ ಬ್ಲೌಸ್ ಪೀಸು ತೆಗೆದುಕೊಡುತ್ತಾಳಂತೆ ಎಂದು ಮಾವ ವರ್ಣಿಸಿದರು. “ಆದ್ರೆ ಒಂದು,” ಎಂದು ದನಿ ತಗ್ಗಿಸಿದರು. “ಆ ಮನೇಲಿ ಅಜ್ಜಿ ಮಾತೇ ಮಾತು. ಈಗಾಗ್ಲೇ ಎರಡು ಗಂಡು ವಾಪಸ್ ಕಳ್ಸಿದ್ದಾರೆ. ಒಬ್ಬ ನಗ್ಲಿಲ್ಲ ಅಂತ. ಇನ್ನೊಬ್ಬ ಪಕ್ಕದೋರಿಗೆ ಬಂತಾ ಅಂತ ನೋಡ್ದೆ ಕೇಸರಿಬಾತ್ ತಿಂದ ಅಂತ.”

ಆ ಅಜ್ಜಿ ಮುನಿಯಮ್ಮ. ಹಲಸೂರು ದೇವಸ್ಥಾನದ ಹತ್ತಿರ ನಲವತ್ತು ವರ್ಷ ಹೂ ಮಾರಿದವರು. ಕನ್ನಡ, ತಮಿಳು, ತೆಲುಗು, ದಖನಿ ಉರ್ದು ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿ ಮಾತಾಡುವವರು. ನಾವು ಹೋದ ದಿನ ನಾನು ಎಲ್ಲರ ತಟ್ಟೆಗೂ ಕೇಸರಿಬಾತು ಬಂದಿದೆಯೇ ಎಂದು ಕತ್ತು ಚಾಚಿ ಎರಡು ಸಲ ಎಣಿಸಿದೆ. ನಗುವುದನ್ನಂತೂ ಬಾಗಿಲಿನಿಂದಲೇ ಶುರು ಮಾಡಿದ್ದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಷ್ಟ್ರು ಸುಮ್ಸುಮ್ನೆ ನಗ್ತಾರಲ್ಲ, ಮೈ ಹುಷಾರಾಗಿದೆ ತಾನೇ?” ಎಂದು ಮಾವನನ್ನು ವಿಚಾರಿಸಿದರು.

ಆಮೇಲೆ ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮಿಬ್ಬರನ್ನು ತಾರಸಿಗೆ ಕಳಿಸಿದರು. ನಾನು ನಲ್ಲಿಯ ಪೈಪನ್ನು ನೋಡುತ್ತಾ ನಿಂತೆ. ಅವಳು ನನ್ನ ಷರ್ಟನ್ನು ನೋಡುತ್ತಾ ನಿಂತಳು.

“ನಿಮ್ಮ ಮೂರನೇ ಗುಂಡಿ ಬೇರೆ ಬಿಳಿ” ಎಂದಳು.

ನಿಜ. ಆ ಗುಂಡಿ ಕಿತ್ತುಹೋಗಿ ಅಮ್ಮ ಬೇರೆ ಹೊಲಿದು ಒಂದು ವರ್ಷವಾಗಿತ್ತು. ದಿನಾ ನನ್ನನ್ನೇ ನೋಡುತ್ತ ಕೂರುವ ಐವತ್ತು ಮಕ್ಕಳಿಗೆ, ಸ್ಟಾಫ್ ರೂಮಿನ ಹದಿನೆಂಟು ಮೇಷ್ಟ್ರುಗಳಿಗೆ, ಕೊನೆಗೆ ನನಗೇ ಅದು ಗೊತ್ತಾಗಿರಲಿಲ್ಲ. ಬಿಳಿಯಲ್ಲಿ ಬೇರೆ ಬಿಳಿ ಇದೆಯೆಂದು ಕಂಡುಹಿಡಿದ ಆ ಕಣ್ಣುಗಳನ್ನು ನಾನು ಆಗ ನೋಡಿದೆ. ನನ್ನ ಮಟ್ಟಿಗೆ ಮದುವೆ ಅಲ್ಲೇ ನಿಶ್ಚಯವಾಯಿತು. ಉಳಿದದ್ದು ಅವಳು ಒಪ್ಪುವುದು.

“ಸಿನಿಮಾ ನೋಡ್ತೀರಾ?” ಎಂದು ಕೇಳಿದಳು.

“ನೋಡ್ತೀನಿ.”

“ನಂಗೆ ದೆವ್ವದ ಪಿಕ್ಚರ್ ಅಂದ್ರೆ ಪ್ರಾಣ. ನಿಮ್ಗೆ?”

ಇಲ್ಲಿ ನಾನು ಸತ್ಯ ಹೇಳಬಹುದಿತ್ತು. ಆದರೆ ಬಾಯಿ ನನ್ನನ್ನು ಕೇಳದೆ, “ನಂಗೂ. ಅವನ್ನ ಬಿಟ್ಟು ಬೇರೆ ನೋಡೋದೇ ಇಲ್ಲ” ಎಂದುಬಿಟ್ಟಿತು.

ಅವಳ ಮುಖ ಅರಳಿತು. ಶಿವಾಜಿನಗರದಿಂದ ನಡೆದು ಹೋಗುವಷ್ಟು ದೂರದ ಒಂದು ಹಳೆಯ ಥಿಯೇಟರಿನಲ್ಲಿ ಹೊಸ ಹಿಂದಿ ಸಿನಿಮಾ ಬಂದಿದೆಯಂತೆ. ಅದರಲ್ಲಿ ಒಂದಲ್ಲ, ಆರು ಕಥೆಗಳಂತೆ. “ಒಂದೊಂದು ಕಥೆಗೂ ಒಬ್ಬೊಬ್ಬ ಡೈರೆಕ್ಟರ್ ಅಂತೆ ರೀ! ಒಂದು ಟಿಕೆಟ್ಟಿಗೆ ಆರು ದೆವ್ವ!” ಎಂದು ಸೀರೆಯ ಸೇಲ್‌ ಬಗ್ಗೆ ಹೇಳುವಂತೆ ಹೇಳಿದಳು.

ಕೆಳಗಿಳಿದು ಬಂದಾಗ ಅವಳೇ ಅಜ್ಜಿಯ ಕಿವಿಯಲ್ಲಿ ಹೇಳಿದಳು. ಅಜ್ಜಿ ಅಲ್ಲೇ ತೀರ್ಪು ಕೊಟ್ಟರು. “ಭಾನುವಾರ ಮ್ಯಾಟಿನಿಗೆ ಹೋಗ್ಬನ್ನಿ. ನಾನೂ ಬರ್ತೀನಿ. ನೋಡ್ಕೊಂಡು ಆಮೇಲೆ ಹೇಳ್ತೀವಿ.” ನೋಡಿಕೊಂಡು ಹೇಳುವುದು ಸಿನಿಮಾದ ವಿಷಯವಲ್ಲ, ನನ್ನ ವಿಷಯ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು.

ಭಾನುವಾರದವರೆಗೆ ನಾನು ಮಾಡಿದ ಲೆಕ್ಕ ಒಂದೇ. ಮಾಮೂಲಿ ದೆವ್ವದ ಸಿನಿಮಾದಲ್ಲಿ ಹಾಡು, ಹಾಸ್ಯ ಎಲ್ಲ ಕಳೆದು ಕೊನೆಯ ಅರ್ಧ ಗಂಟೆ ಮಾತ್ರ ನಿಜವಾದ ಗಂಡಾಂತರ. ಇದರಲ್ಲಿ ನೂರೈವತ್ತು ನಿಮಿಷವನ್ನು ಆರರಿಂದ ಭಾಗಿಸಿದರೆ ಇಪ್ಪತ್ತೈದು ನಿಮಿಷಕ್ಕೊಂದು ಸಲ ಸಾಯಬೇಕು. ಶೇಷ ಸೊನ್ನೆ. ಒಬ್ಬ ನಿರ್ದೇಶಕನಿಗೆ ಹೆದರಿಸಿ ಸುಸ್ತಾದರೆ ಇನ್ನೊಬ್ಬ ತಾಜಾ ಆಗಿ ಬಂದು ನಿಲ್ಲುತ್ತಾನೆ. ಹೆದರುವವನಿಗೆ ಮಾತ್ರ ಬದಲಿ ಆಟಗಾರ ಇಲ್ಲ.

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಜಯರಾಂ ನನ್ನ ಓರಗೆಯವನು. ಅವನಿಗೆ ಎಲ್ಲ ಹೇಳಿಕೊಂಡೆ. ಅವನು ಸೀಟಿಯನ್ನು ಬೆರಳಿಗೆ ಸುತ್ತುತ್ತಾ ಯೋಚಿಸಿ, “ಮಗಾ, ದೆವ್ವ ಇರೋದೆಲ್ಲ ಸೌಂಡಲ್ಲಿ. ಟಿ.ವಿ. ಮ್ಯೂಟ್ ಮಾಡಿ ನೋಡು, ದೆವ್ವಾನೂ ನಮ್ಮ ಹೆಡ್‌ಮಾಸ್ಟ್ರ ಥರ ಬಾಯಿ ಆಡಿಸ್ತಿರುತ್ತೆ ಅಷ್ಟೇ. ಕಿವಿಗೆ ಹತ್ತಿ ಇಟ್ಕೋ” ಎಂದು ಫಸ್ಟ್ ಏಡ್ ಡಬ್ಬಿಯಿಂದ ಒಂದು ಉಂಡೆ ಹತ್ತಿ ಕಿತ್ತು ಕೊಟ್ಟ. ಅದು ಎಂಥ ಅದ್ಭುತವಾದ ಸಲಹೆ ಎಂದು ನನಗೆ ಆಗ ಅನ್ನಿಸಿತು. ಜಯರಾಂನನ್ನು ತಬ್ಬಿಕೊಂಡೆ ಕೂಡ.

ಥಿಯೇಟರಿನ ಮುಂದೆ ಅಜ್ಜಿ ಮೊಮ್ಮಗಳು ನನಗಿಂತ ಮೊದಲೇ ಬಂದು ನಿಂತಿದ್ದರು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು, ಮದುವೆಗೆ ಬಂದಂತೆ ಬಂದಿದ್ದರು. ಚಹಾ ಮಾರುತ್ತಿದ್ದವನನ್ನು ನೋಡಿ ಹಿಂದಿ ಸಿನಿಮಾಕ್ಕೆ ತಕ್ಕಂತೆ, “ಕ್ಯಾ ಭಾಯ್, ಚಾ ಗರಂ ಹೈ ಕ್ಯಾ?” ಎಂದರು. ಅವನು, “ಬಿಸಿ ಐತಜ್ಜಿ, ಕುಡೀರಿ” ಎಂದ.

ಒಳಗೆ ಗೋಡೆಯ ಪಕ್ಕದ ದಾರಿಗೆ ತಾಗಿದ ಸೀಟಿನಲ್ಲಿ ನಾನು, ನನ್ನ ಬಲಕ್ಕೆ ಅಜ್ಜಿ, ಅಜ್ಜಿಯ ಆಚೆ ಹೇಮಾ ಕೂತೆವು. ದೀಪ ಆರಿದ ಕೂಡಲೇ ಕೂದಲು ಸವರಿಕೊಳ್ಳುವವನಂತೆ ಕೈಯೆತ್ತಿ ಎರಡೂ ಕಿವಿಗೆ ಹತ್ತಿ ತುರುಕಿದೆ. ಲೋಕ ಮೌನವಾಯಿತು. ಜಯರಾಂ ಹೇಳಿದ್ದು ನಿಜ. ಆದರೆ ಕಣ್ಣಿಗೆ ಏನು ಮಾಡಬೇಕೆಂದು ಅವನು ಹೇಳಿರಲಿಲ್ಲ. ಮೊದಲ ಕಥೆಯಲ್ಲಿ ಒಬ್ಬ ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದ; ಅವನು ಫೋಟೋ ತೆಗೆದವರೆಲ್ಲ ಆಮೇಲೆ ಕನ್ನಡಿಯಲ್ಲಿ ಕಾಣುತ್ತಿರಲಿಲ್ಲ. ಎರಡನೆಯದು ಲಿಫ್ಟಿನದು. ಏಳು ಮಹಡಿಯ ಕಟ್ಟಡದಲ್ಲಿ ಎಂಟನೆಯದಕ್ಕೆ ಹೋಗಿ ನಿಲ್ಲುವ ಲಿಫ್ಟು. ಬಾಗಿಲು ತೆರೆಯುವ ಹೊತ್ತಿಗೆ ನಾನು ಪರದೆ ಬಿಟ್ಟು ಎಡಗಡೆ ಬಾಗಿಲ ಮೇಲಿನ ಕೆಂಪು ದೀಪದತ್ತ ಮುಖ ತಿರುಗಿಸಿದೆ. ಅದರಲ್ಲಿ ಹೊರಗೆ ಹೋಗುವ ದಾರಿ ಎಂದು ಬರೆದಿತ್ತು. ಇಷ್ಟು ಆತ್ಮೀಯವಾದ ಬರಹವನ್ನು ನಾನು ಅದುವರೆಗೆ ಓದಿರಲಿಲ್ಲ. ಮೂರನೆಯ ಕಥೆಯಲ್ಲಿ ಯಾರೂ ತುಳಿಯದೆ ಓಡುವ ಒಂದು ಹೊಲಿಗೆ ಮಿಷನ್ ಬಂತು. ಅದನ್ನೂ ಆ ಕೆಂಪು ದೀಪದ ಸಹಾಯದಿಂದಲೇ ದಾಟಿದೆ.

ಇಂಟರ್‌ವಲ್ಲಿಗೆ ದೀಪ ಹತ್ತುವ ಮೊದಲೇ ಹತ್ತಿ ಜೇಬು ಸೇರಿತು. ಪಾಪ್‌ಕಾರ್ನ್ ತಂದುಕೊಟ್ಟೆ. ಅಜ್ಜಿ ಬೇಸರದಲ್ಲಿದ್ದರು. “ಇವ್ರು ಮಾತಾಡೋದು ನಮ್ಮ ಮಾರ್ಕೆಟ್ಟಿನ ಹಿಂದಿ ಅಲ್ಲ ಕಣಪ್ಪ. ಒಂದು ‘ನಕ್ಕೋ’ ಇಲ್ಲ, ಒಂದು ‘ಕೈಕು’ ಇಲ್ಲ. ಅದಿರ್ಲಿ, ಆ ಫೋಟೋದವನು ಎಲ್ಲೋದ? ಅವನೇ ಮೀಸೆ ತೆಗ್ದು ಲಿಫ್ಟಲ್ಲಿ ಬಂದ್ನಾ?”

“ಅದು ಬೇರೆ ಕಥೆ ಅಜ್ಜಿ, ಇದು ಬೇರೆ ಕಥೆ” ಎಂದಳು ಹೇಮಾ.

“ಸುಮ್ನಿರೇ. ಟಿಕೆಟ್ ಒಂದೇ ತಾನೇ ತಗೊಂಡಿದ್ದು?”

ಹೇಮಾ ನಕ್ಕು ನನ್ನತ್ತ ನೋಡಿದಳು. “ನಿಮ್ಗೆ ಯಾವ್ದು ಇಷ್ಟ ಆಯ್ತು?” ಎಂದು ಕೇಳಿದಳು. ಲಿಫ್ಟಿನದು ಎಂದೆ. “ನಂಗೂ!” ಎಂದಳು. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಮತ್ತೆ ದೀಪ ಆರಿತು, ಮತ್ತೆ ಹತ್ತಿ ಕಿವಿಗೆ ಹೋಯಿತು.

ನಾಲ್ಕನೆಯ ಕಥೆಯಲ್ಲಿ ಒಂದು ಬಸ್ಸು. ಕಂಡಕ್ಟರ್ ಎಷ್ಟು ಸಲ ಎಣಿಸಿದರೂ ಒಬ್ಬ ಪ್ರಯಾಣಿಕ ಹೆಚ್ಚು. ಅದು ಮುಗಿದು ಐದನೆಯದು ಅರ್ಧಕ್ಕೆ ಬಂದಾಗ ಅಜ್ಜಿ ಎದ್ದು, ಮೊಮ್ಮಗಳಿಗೆ ಏನೋ ಹೇಳಿ, ನನ್ನ ಮೊಣಕಾಲು ದಾಟಿ ಹೊರಗೆ ಹೋದರು. ಹೇಮಾ ಪಕ್ಕದ ಸೀಟಿಗೆ ಸರಿದು ಕೂತಳು. ನಾಲ್ಕು ದಿನದಿಂದ ನಾನು ಕನಸು ಕಂಡಿದ್ದ ಗಳಿಗೆ ಅದು. ಅವಳ ಬಳೆ ನನ್ನ ತೋಳಿಗೆ ತಗಲುವಷ್ಟು ಹತ್ತಿರ. ಹತ್ತಿ ತೆಗೆಯೋಣವೆಂದರೆ ಪರದೆಯ ಮೇಲೆ ಒಂದು ಟೆಲಿಫೋನು ಒಂದೇ ಸಮನೆ ನಡುಗುತ್ತಿತ್ತು. ಅದು ಕೂಗುವ ಬಗೆ ಹೇಗಿರಬಹುದೆಂದು ನೆನೆದೇ ಕೈ ಕೆಳಗಿಳಿಯಿತು. ಅಷ್ಟರಲ್ಲಿ ಅವಳು ನನ್ನತ್ತ ಬಾಗಿ ಏನೋ ಕೇಳಿದಳು. ಬಾವಿಯ ತಳದಿಂದ ಬಂದಂತೆ ಒಂದು ಗುಂಯ್ ಎನ್ನುವ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಸಿನಿಮಾ ಚೆನ್ನಾಗಿದೆಯಾ ಎಂದಿರಬೇಕು ಎಂದುಕೊಂಡು, “ಹೂಂ, ಹೂಂ” ಎಂದು ಜೋರಾಗಿ ತಲೆ ಆಡಿಸಿದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏನೋ ಕೇಳಿದಳು. ಈ ಸಲ ‘ಯಾರಾದ್ರೂ’ ಎಂಬ ಒಂದು ಪದ ಹತ್ತಿಯ ನಡುವೆ ನುಸುಳಿ ಬಂತು. ಡೈರೆಕ್ಟರುಗಳ ಬಗ್ಗೆ ಕೇಳುತ್ತಿದ್ದಾಳೆ, ಬೇರೆ ಯಾರು ಯಾರು ಮಾಡಿದ್ದಾರೆ ಎನ್ನುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಕಿವಿ ಕೇಳದವರು ಗಟ್ಟಿಯಾಗಿ ಮಾತಾಡುವಂತೆ ಗಟ್ಟಿಯಾಗಿಯೇ ಹೇಳಿದೆ. “ಹೂಂ, ಆರು ಜನ. ಒಬ್ಬರಿಗಿಂತ ಒಬ್ರು ಚೆನ್ನಾಗಿದ್ದಾರೆ!”

ಅವಳು ನೆಟ್ಟಗೆ ಕೂತಳು. ಆಮೇಲೆ ಪರದೆಯಿಂದ ಕಣ್ಣು ಕೀಳಲಿಲ್ಲ. ಸಿನಿಮಾದಲ್ಲಿ ಮುಳುಗಿದ್ದಾಳೆ ಎಂದುಕೊಂಡೆ.

ಆರನೆಯ ಕಥೆಯಲ್ಲಿ ಹಳೆಯ ಬಂಗಲೆ, ಅದರಲ್ಲೊಬ್ಬಳು ಅಡುಗೆಯವಳು. ಎಲ್ಲರೂ ಊಟಕ್ಕೆ ಕೂತಿದ್ದಾರೆ, ಅವಳು ಹಿಂದಿನಿಂದ ನಡೆದು ಬರುತ್ತಿದ್ದಾಳೆ, ಅವಳ ಕೈ ಮಾತ್ರ ಕಾಣುತ್ತಿದೆ. ಅದೇ ಕ್ಷಣಕ್ಕೆ ಒಂದು ಒದ್ದೆ ಕೈ, ತಣ್ಣಗೆ ಕೊರೆಯುವ ಕೈ, ನನ್ನ ಕುತ್ತಿಗೆಯ ಮೇಲೆ ಬಿತ್ತು.

“ಅಮ್ಮಾ!”

ನಾನು ಸೀಟಿನಿಂದ ಎಷ್ಟು ಮೇಲೆ ಹಾರಿದೆನೆಂದರೆ ನನ್ನ ತಲೆಯ ನೆರಳು ಪರದೆಯ ಮೇಲೆ ಬಿತ್ತೆಂದು ಹಿಂದಿನ ಸಾಲಿನವರು ಆಮೇಲೆ ಹೇಳಿದರು. ಇಡೀ ಥಿಯೇಟರಿನಲ್ಲಿ ಶಿಳ್ಳೆ, ಚಪ್ಪಾಳೆ. ಬಾಲ್ಕನಿಯಿಂದ ಯಾರೋ, “ಅಮ್ಮ ಮನೇಲಿದ್ದಾರೆ ಗುರೂ!” ಎಂದು ಕೂಗಿದರು. ಹಾರಿದ ರಭಸಕ್ಕೆ ಒಂದು ಕಿವಿಯ ಹತ್ತಿ ಉದುರಿಹೋಗಿದ್ದರಿಂದ ಅದೆಲ್ಲ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದರೆ ಮುನಿಯಮ್ಮಜ್ಜಿ, ಕೈಕಾಲು ತೊಳೆದುಕೊಂಡು ಬಂದವರು. “ಮೇಷ್ಟ್ರೇ, ಸ್ವಲ್ಪ ಜರುಗಿ ಅಂತ ಮೂರು ಸಲ ಕೂಗ್ದೆನಲ್ಲಪ್ಪ!” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಥಿಯೇಟರಿನಲ್ಲಿ ನಗದೆ ಇದ್ದವಳು ಹೇಮಾ ಒಬ್ಬಳೇ.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಬಸ್ ಸ್ಟಾಪಿನವರೆಗೆ ಹೇಮಾ ನಮ್ಮಿಬ್ಬರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಜ್ಜಿ ಮಾತ್ರ ಆರು ಜನ ನಿರ್ದೇಶಕರು ಬೇರೆ ಬೇರೆ ಎಸೆದು ಹೋಗಿದ್ದನ್ನೆಲ್ಲ ಆಯ್ದು, ಹೂ ಕಟ್ಟಿದಂತೆ ಒಂದೇ ಕಥೆಯಾಗಿ ಕಟ್ಟಿದರು. “ಆ ಫೋಟೋದವನು ಆ ಮಿಷನ್ ಹೊಲಿಯೋಳ ಗಂಡ. ಅವಳ ಮೇಲೆ ಕೋಪ ಮಾಡ್ಕೊಂಡು ಲಿಫ್ಟ್ ಹತ್ತಿ ಬಚ್ಚಿಟ್ಕೊಂಡ. ಅವಳು ಹುಡುಕ್ಕೊಂಡು ಬಸ್ಸಲ್ಲಿ ಟಿಕೆಟ್ ತಗೊಳ್ದೆ ಹೋದ್ಲು. ಅದಕ್ಕೇ ಕಂಡಕ್ಟ್ರಿಗೆ ಲೆಕ್ಕ ಸಿಗ್ಲಿಲ್ಲ. ಫೋನ್ ಮಾಡಿದ್ಲು, ಅವನು ಎತ್ಲಿಲ್ಲ. ಕೊನೇಗೆ ಅವನು ಊಟ ಮಾಡೋ ಮನೇಲೇ ಅಡುಗೆಯೋಳಾಗಿ ಸೇರ್ಕೊಂಡು ಬಡಿಸಿದ್ಲು ನೋಡು ಪಾಪ. ಎಷ್ಟು ಚೆನ್ನಾಗಿ ತೆಗೆದಿದ್ದಾರೆ!”

“ಒಂದೊಂದು ಕಥೇಲೂ ಹೀರೋ ಬೇರೆ ಬೇರೆ ಇದ್ನಲ್ಲಾ ಅಜ್ಜಿ” ಎಂದೆ ಮೆಲ್ಲಗೆ.

“ವೇಷ ಹಾಕಿದ್ದ” ಎಂದರು ಅಜ್ಜಿ.

ಬಸ್ಸು ಬಂತು. ಹೇಮಾ ನನ್ನ ಮುಖ ನೋಡದೆ “ಬರ್ತೀವಿ” ಎಂದು ಹತ್ತಿಬಿಟ್ಟಳು.

ಎರಡು ದಿನ ಬಿಟ್ಟು ಹೂಡಿ ಮಾವ ಬಂದರು. ಬಂದವರು ಕಾಫಿ ಬೇಡವೆಂದಾಗಲೇ ನನಗೆ ತಿಳಿಯಿತು. “ಹುಡುಗಿ ಬೇಡ ಅಂದ್ಳಂತೆ. ಯಾಕೆ ಅಂತ ಹೇಳ್ತಾ ಇಲ್ವಂತೆ.” ನನಗೆ ಯಾಕೆಂದು ಗೊತ್ತಿತ್ತು. ದೆವ್ವದ ಸಿನಿಮಾ ಪ್ರಾಣ ಎನ್ನುವವಳು, ಅಜ್ಜಿಯ ಕೈ ತಗುಲಿದ್ದಕ್ಕೆ ಅಮ್ಮಾ ಎಂದು ಅರಚುವವನನ್ನು ಹೇಗೆ ಕಟ್ಟಿಕೊಂಡಾಳು? ಮಾರನೆಯ ದಿನ ತರಗತಿಯಲ್ಲಿ ಒಂದು ಸಾಮಾನ್ಯ ಭಾಗಾಕಾರವನ್ನು ಎರಡು ಸಲ ತಪ್ಪು ಮಾಡಿದೆ. ಮಕ್ಕಳು ನಗಲಿಲ್ಲ, ಅದರಿಂದ ಇನ್ನೂ ಸಂಕಟವಾಯಿತು. ಜಯರಾಂ ಹತ್ತಿರ ಬಂದು, “ಹತ್ತಿ ಐಡಿಯಾ ಕರೆಕ್ಟಾಗಿತ್ತು ಮಗಾ, ಕುತ್ತಿಗೆಗೆ ಮಫ್ಲರ್ ಹೇಳೋದು ಮರ್ತೆ” ಎಂದು ಸಮಾಧಾನ ಮಾಡಿದ. ನಾನು ಅವನ ಜೊತೆ ಒಂದು ದಿನ ಮಾತು ಬಿಟ್ಟೆ. ಒಂದು ಗುಂಡಿಯ ಬಣ್ಣ ಹೇಳಿದವಳು ಇಷ್ಟು ಬೇಕಾಗಿಬಿಡುತ್ತಾಳೆಂದು ನನಗೇ ಗೊತ್ತಿರಲಿಲ್ಲ. ಬೇಡವೆನ್ನುವುದಾದರೆ ಅನ್ನಲಿ, ಆದರೆ ನಾನು ಸುಳ್ಳು ಹೇಳಿದ್ದೆ ಎಂಬುದನ್ನು ಅವಳಿಗೆ ನಾನೇ ಹೇಳಿ ಬರಬೇಕು ಅನ್ನಿಸಿತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು, ಅಮ್ಮನ ಬೀರುವಿನಿಂದ ಒಂದು ಸೀರೆ ತೆಗೆದೆ. “ಅದಕ್ಕೆ ಬ್ಲೌಸ್ ಇದೆಯಲ್ಲೋ” ಎಂದರು ಅಮ್ಮ. “ಇನ್ನೊಂದಿರ್ಲಿ” ಎಂದೆ. ಅಮ್ಮ ನನ್ನ ಮುಖ ನೋಡಿ, “ಹಂಗಾದ್ರೆ ಒಳ್ಳೇ ಸೀರೆ ತಗೊಂಡೋಗು” ಎಂದು ಬೇರೆಯದನ್ನು ಮಡಿಸಿ ಕವರಿಗೆ ಹಾಕಿಕೊಟ್ಟರು.

ಮ್ಯಾಚಿಂಗ್ ಸೆಂಟರಿನಲ್ಲಿ ಹೆಂಗಸರೇ ತುಂಬಿದ್ದರು. ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳು. ಹಸಿರೊಂದರಲ್ಲೇ ಇಪ್ಪತ್ತು ಬಗೆ. ನಾನು ಕವರನ್ನು ಎದೆಗೆ ಅವುಚಿಕೊಂಡು ಸರದಿಯಲ್ಲಿ ನಿಂತೆ. ಹೇಮಾ ತಲೆಯೆತ್ತಿ ನೋಡಿದಳು. ಅವಳ ಕೈಯ ಕತ್ತರಿ ಒಂದು ಕ್ಷಣ ಬಟ್ಟೆಯ ನಡುವೆಯೇ ನಿಂತಿತು. ನನ್ನ ಸರದಿ ಬಂದಾಗ ಗಿರಾಕಿಗೆ ಹೇಳುವ ದನಿಯಲ್ಲೇ, “ಹೇಳಿ, ಯಾವ ಸೀರೆಗೆ?” ಎಂದಳು.

ನಾನು ಸೀರೆ ಬಿಚ್ಚಿದೆ. ಅವಳು ಅಂಚನ್ನು ಬೆಳಕಿಗೆ ಹಿಡಿದಳು. “ಇದು ಈರುಳ್ಳಿ ಬಣ್ಣ. ಕಾಟನ್ನಾ, ಟೂ ಬೈ ಟೂನಾ?”

“ನಾನು ಸುಳ್ಳು ಹೇಳ್ದೆ” ಎಂದೆ.

ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ತಿರುಗಿ ನೋಡಿದರು.

“ನಂಗೆ ದೆವ್ವದ ಪಿಕ್ಚರ್ ಇಷ್ಟ ಇಲ್ಲ. ಚಿಕ್ಕಂದಿನಿಂದ್ಲೂ ಭಯ. ಹಂಗೆ ಹೇಳಿದ್ರೆ ನೀವು ಬೇಡ ಅಂತೀರ ಅಂತ ಹೇಳ್ಲಿಲ್ಲ. ನೀವು ಬೇಡ ಅಂದಿದ್ದು ಸರಿ. ಅದನ್ನೇ ಹೇಳೋಕೆ ಬಂದೆ.”

“ಭಯ ಪಟ್ಟಿದ್ದಕ್ಕೆ ಯಾರು ಬೇಡ ಅಂದಿದ್ದು?” ಅವಳ ದನಿ ಗಡುಸಾಗಿತ್ತು. “ಇಡೀ ಪಿಕ್ಚರ್ ನೀವು ಹೊರಗೆ ಹೋಗೋ ಬಾಗ್ಲನ್ನೇ ನೋಡ್ತಾ ಕೂತಿದ್ರಿ. ಮನೆಯವ್ರ ಬಲವಂತಕ್ಕೆ ಬಂದ್ರಾ ಅಂತ ಕೇಳ್ದೆ. ಹೂಂ ಹೂಂ ಅಂತ ತಲೆ ಆಡಿಸಿದ್ರಿ.”

“ನಾನಾ?”

“ಆಯ್ತು, ನಿಮ್ಮ ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ದಾರಾ ಅಂತ ಕೇಳ್ದೆ.” ಅವಳ ಕಣ್ಣು ತುಂಬಿಬಂದಿತ್ತು. “ಹೂಂ, ಆರು ಜನ, ಒಬ್ಬರಿಗಿಂತ ಒಬ್ರು ಚೆನ್ನಾಗಿದ್ದಾರೆ ಅಂದ್ರಿ!”

ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ನಿಂತುಹೋಯಿತು. ಪಕ್ಕದ ಹೆಂಗಸು ತಮ್ಮ ಬ್ಲೌಸ್ ಪೀಸನ್ನು ನನ್ನಿಂದ ದೂರಕ್ಕೆ ಎಳೆದುಕೊಂಡರು. ಅಂದು ಹಾಕಿದ್ದ ಪ್ಯಾಂಟೇ ಇಂದೂ ನನ್ನ ಮೈಮೇಲಿತ್ತು. ಜೇಬಿಗೆ ಕೈ ಹಾಕಿದೆ, ಉಳಿದಿದ್ದ ಒಂದು ಹತ್ತಿಯುಂಡೆ ಸಿಕ್ಕಿತು. ಅದನ್ನು ಈರುಳ್ಳಿ ಬಣ್ಣದ ಸೀರೆಯ ಮೇಲಿಟ್ಟೆ.

“ಇದೇನು?”

“ಹತ್ತಿ. ಕಿವೀಲಿ ಇಟ್ಕೊಂಡಿದ್ದೆ. ನೀವು ಹೇಳಿದ್ದು ಒಂದೂ ಕೇಳಿಸ್ಲಿಲ್ಲ. ಡೈರೆಕ್ಟರ್ ಬಗ್ಗೆ ಕೇಳ್ತಿದ್ದೀರ ಅಂದ್ಕೊಂಡೆ.”

ಹೇಮಾ ಹತ್ತಿಯನ್ನು ನೋಡಿದಳು. ನನ್ನ ಕಿವಿ ನೋಡಿದಳು. ಮತ್ತೆ ಹತ್ತಿ ನೋಡಿದಳು. ಆಮೇಲೆ ಅವಳಿಗೆ ಬಂದ ನಗುವನ್ನು ನಾನು ವರ್ಣಿಸಲಾರೆ. ಮೊದಲು ಭುಜ ಅಲುಗಿತು, ಆಮೇಲೆ ಕತ್ತರಿ ಕೈಜಾರಿ ಬಿತ್ತು, ಆಮೇಲೆ ಅವಳೇ ಕೌಂಟರಿನ ಹಿಂದೆ ಕುಸಿದು ಕೂತಳು. ಒಂದು ಗಿಳಿಹಸಿರು ಥಾನು ಉರುಳಿ ಬಾಗಿಲವರೆಗೂ ಬಿಚ್ಚಿಕೊಂಡು ಹೋಯಿತು. ಮಾಲೀಕರು ಒಳಗಿನಿಂದ, “ಏನಮ್ಮಾ ಅಲ್ಲಿ?” ಎಂದು ಕೂಗಿದರು. ಪಕ್ಕದ ಹೆಂಗಸಿಗೆ ಏನೂ ಅರ್ಥವಾಗದಿದ್ದರೂ ಅವರೂ ನಗತೊಡಗಿದರು.

ಕಣ್ಣೊರೆಸಿಕೊಳ್ಳುತ್ತಾ ಎದ್ದವಳು ಹೇಳಿದಳು. “ಅಜ್ಜಿ ಅವತ್ತೇ ಅಂದ್ರು. ಆರು ಜನ ಇರೋನು ಕಷ್ಟಕ್ಕೆ ಅಮ್ಮಾ ಅಂತ ಕೂಗಲ್ಲ ಕಣೇ, ಎಲ್ಲೋ ಏನೋ ಹೆಚ್ಚು ಕಮ್ಮಿ ಆಗಿದೆ ಅಂತ. ನಾನೇ ಕೇಳ್ಲಿಲ್ಲ.” ಸೀರೆಯನ್ನು ತನ್ನತ್ತ ಎಳೆದುಕೊಂಡು, “ನೀವು ಅರಚಿದಾಗ ನಿಮ್ಮ ಮುಖ ಯಾವ ಬಣ್ಣ ಆಗಿತ್ತು ಗೊತ್ತಾ? ಬಿಸ್ಕೆಟ್ ಕಲರ್. ಅದಕ್ಕೆ ಮ್ಯಾಚಿಂಗ್ ನಮ್ಮ ಅಂಗಡೀಲೂ ಇಲ್ಲ” ಎಂದಳು. ಬ್ಲೌಸ್ ಪೀಸು ಕತ್ತರಿಸಿ, ಸೀರೆಯ ಮಡಿಕೆಯೊಳಗಿಟ್ಟು ಕೊಟ್ಟಳು. ಕೊಡುವಾಗ ತಲೆ ತಗ್ಗಿಸಿ ಹೇಳಿದಳು. “ಮಾವನ ಹತ್ರ ಹೇಳ್ಕಳ್ಸಿ. ಅಜ್ಜಿ ಮನೆ ನೋಡೋಕೆ ಬರ್ತಾರೆ ಅಂತ.”

ಅಜ್ಜಿ ಬರುವಾಗ ಮೊಮ್ಮಗಳನ್ನೂ ಕರೆದುಕೊಂಡೇ ಬಂದರು. ಹುಡುಗಿ ಬರುವ ಪದ್ಧತಿ ಇಲ್ಲವಲ್ಲ ಎಂದು ಮಾವ ಗೊಣಗಿದ್ದಕ್ಕೆ, “ಅಲ್ಲಿ ಇರ್ಬೇಕಾದೋಳು ಇವಳು. ನಾನ್ ನೋಡಿ ಏನ್ ಮಾಡ್ಲಿ?” ಎಂದರಂತೆ. ನಾನು ಟಿನ್ ಫ್ಯಾಕ್ಟರಿಯ ಸ್ಟಾಪಿನಲ್ಲಿ ಅವರಿಗಾಗಿ ಕಾದು ನಿಂತಿದ್ದೆ. ಇಬ್ಬರೂ ಬಸ್ಸಿಳಿದರು. ರಸ್ತೆ ದಾಟಿ ಆಚೆ ಕಡೆ ಆಟೋ ಹಿಡಿಯಬೇಕು. ಹಳೇ ಮದ್ರಾಸ್ ರಸ್ತೆಯ ಲಾರಿ, ಬಸ್ಸು, ಟೆಂಪೋಗಳೆಲ್ಲ ಅಲ್ಲಿಗೆ ಬಂದು ಒಂದರ ಮೇಲೊಂದು ಏರುವಂತೆ ನುಗ್ಗುತ್ತಿದ್ದವು. ಮುನಿಯಮ್ಮಜ್ಜಿ ಒಮ್ಮೆ ಬಲಕ್ಕೆ ನೋಡಿದರು, ಅಂಗೈ ತೋರಿಸಿ “ಏಯ್, ನಿಲ್ಸೋ!” ಎಂದು ಒಂದು ಲಾರಿಯನ್ನು ಗದರಿಸಿದರು, ನಡೆದುಬಿಟ್ಟರು. ಲಾರಿ ನಿಂತಿತು.

ನಾನೂ ಒಂದು ಹೆಜ್ಜೆ ಇಟ್ಟು ಹಿಂದೆ ನೋಡಿದೆ. ಹೇಮಾ ಕಲ್ಲಿನಂತೆ ನಿಂತಿದ್ದಳು. ಫುಟ್‌ಪಾತಿನ ಅಂಚಿನಿಂದ ಎರಡು ಅಡಿ ಹಿಂದೆ, ಎರಡೂ ಕೈಯಲ್ಲಿ ಬ್ಯಾಗು ಹಿಡಿದು.

“ಬನ್ನಿ” ಎಂದೆ.

“ನಂಗೆ ರೋಡ್ ಕ್ರಾಸ್ ಮಾಡೋಕೆ ಭಯ ರೀ” ಎಂದಳು ಸಣ್ಣ ದನಿಯಲ್ಲಿ. “ಇಷ್ಟು ದೊಡ್ಡ ರೋಡು ನಾನು ಯಾವತ್ತೂ ದಾಟಿಲ್ಲ. ಯಾರಿಗೂ ಹೇಳ್ಬೇಡಿ.”

ನಾನು ದಿನಕ್ಕೆ ಎರಡು ಸಲ ಆ ರಸ್ತೆ ದಾಟುವವನು. ಜೇಬಿನಲ್ಲಿ ಕೈಯಿಟ್ಟುಕೊಂಡು, ತೊಂಬತ್ತೊಂಬತ್ತರ ವರ್ಗ ಎಷ್ಟೆಂದು ಯೋಚಿಸುತ್ತಾ ದಾಟುವವನು. ಹುಟ್ಟಿದಂದಿನಿಂದ ಯಾರೂ ನನ್ನನ್ನು ಅಷ್ಟು ಭರವಸೆಯಿಂದ ನೋಡಿರಲಿಲ್ಲ. ನಾನು ವಾಪಸ್ಸು ಬಂದು ಅವಳ ಪಕ್ಕ, ವಾಹನ ಬರುವ ಕಡೆಗೆ, ನಿಂತೆ. ಕೈ ಚಾಚಿದೆ. ಅವಳು ಸುತ್ತ ನೋಡಿ, ಮೊದಲು ತೋಳಿನ ಬಟ್ಟೆ ಹಿಡಿದಳು, ಆಮೇಲೆ ಕೈಯನ್ನೇ ಹಿಡಿದಳು.

“ಆ ಬಸ್ ಹೋಗ್ಲಿ, ಆಮೇಲೆ ಹೋಗೋಣ” ಎಂದಳು.

ಆ ಬಸ್ಸು ಹೋಯಿತು. ಅದರ ಹಿಂದೆ ಇನ್ನೊಂದು ಬಂತು.

“ಅದೂ ಹೋಗ್ಲಿ.”

ಆಚೆ ಬದಿಯಲ್ಲಿ ಅಜ್ಜಿ ನಮ್ಮನ್ನು ನೋಡಿ ನೋಡಿ ಸಾಕಾಗಿ, ಗಾಡಿಯವನ ಹತ್ತಿರ ಸೀಬೆಹಣ್ಣು ಚೌಕಾಸಿಗೆ ನಿಂತುಬಿಟ್ಟರು. ಬಸ್ಸುಗಳು ಬರುತ್ತಲೇ ಇದ್ದವು. ನನಗಂತೂ ಯಾವ ಅವಸರವೂ ಇರಲಿಲ್ಲ.